ತಿರುಗುತ್ತೆ, ಆದ್ರೆ ನಿಲ್ಲಲ್ಲ

ನಾವು ನಾಲ್ಕು ಜನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹೀಗೆ ಜಿಲ್ಲೆಯ ಹಳೇ ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬ. 2007ರಲ್ಲಿ ಹುಟ್ಟಿದ ಈ ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಬಂದಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ರಾಮನಗರ ಜಿಲ್ಲೆನೇ. ರೂಮಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯಲ್ಲ, ಊರೇ ಹೆಸರು. "ಲೋ ಮಾಗಡಿ, ಮೋಟ್ರು ಆಫ್ ಮಾಡ್ಲಾ" ಅಂದ್ರೆ ಮಾಗಡಿ ಎದ್ದು ಹೋಗ್ತಾನೆ. ಈ ಲೇಖನದಲ್ಲೂ ಅದೇ ಪದ್ಧತಿ. ಮಾಗಡಿ, ಚನ್ನಪಟ್ಟಣ ಇಬ್ಬರೂ ಮೆಕ್ಯಾನಿಕಲ್. ಕನಕಪುರ ಸಿವಿಲ್. ರಾಮನಗರ ಇ.ಸಿ. ಅವನೂ ರೂಮಲ್ಲೇ ಯಾಕಿದ್ದಾನೆ ಅಂತ ಕೇಳ್ತೀರಾ? ಅವನ ಹಳ್ಳಿ ಇರೋದು ಕೈಲಾಂಚದ ಕಡೆ. ಲ್ಯಾಬ್ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋಗೋ ಹೊತ್ತಿಗೆ ಬಸ್ಸು ಇರಲ್ಲ.

ನಾವು ಬರೀತಿರೋದು ಬಾತ್‌ರೂಮಿನ ವಾಲ್ವ್ ಬಗ್ಗೆ. ನಗಬೇಡಿ. ನಮ್ಮ ಪತ್ರಿಕೆಯಲ್ಲಿ ಪ್ರವಾಸ, ಕವನ, ಸಿನಿಮಾ, ಮೊದಲ ಪ್ರೀತಿ ಎಲ್ಲ ಬರುತ್ತೆ. ದಿನಾ ಬೆಳಿಗ್ಗೆ ಕೈ ಹಾಕೋ ವಸ್ತುವಿನ ಬಗ್ಗೆ ಒಂದು ಬರಹ ಬಂದ್ರೆ ತಪ್ಪೇನಿಲ್ಲ. ಅದೂ ಅಲ್ಲದೆ ಈ ವಾಲ್ವಿನ ಹಿಂದೆ ಒಬ್ಬ ಅಜ್ಜಿಯ ಮನೆ ಇದೆ.

ಮೊದಲು ಮನೆ ವಿಷಯ. ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗೋ ದೂರದಲ್ಲಿ ಒಂದು ಹಳೇ ಮನೆ. ಕೆಳಗೆ ಅಜ್ಜಿ ಒಬ್ಬರೇ, ಮೇಲೆ ನಾವು. ಅಜ್ಜಿಯ ಯಜಮಾನರು ಇದ್ದಾಗ ರೇಷ್ಮೆ ಗೂಡಿನ ವ್ಯಾಪಾರದ ದುಡ್ಡಲ್ಲಿ ಕಟ್ಟಿಸಿದ್ದಂತೆ. ಗೋಡೆಯೊಳಗೆ ಜಿ.ಐ. ಪೈಪು, ತಾರಸಿ ಮೇಲೆ 1000 ಲೀಟರಿನ ಕಪ್ಪು ಟ್ಯಾಂಕು, ಅಂಗಳದಲ್ಲಿ ಸಂಪು. ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಸಂಪು ತುಂಬಿಸ್ಕೋಬೇಕು, ಮುಗಿದ್ರೆ ಬೋರ್‌ವೆಲ್ ನೀರು, ಅದೂ ಸಾಲದಿದ್ರೆ ಟ್ಯಾಂಕರು. ಬೋರಿನ ನೀರು ಎಷ್ಟು ಗಡುಸು ಅಂದ್ರೆ ಬಕೆಟ್ಟಿನ ಅಂಚಲ್ಲಿ ಬಿಳಿ ಪಟ್ಟಿ, ಸೋಪು ಹಚ್ಚಿದ್ರೆ ನೊರೆ ಬರೋದಕ್ಕೆ ಮುಂಚೆ ಮೊಸರಿನ ಥರ ಗಸಿ ಬರುತ್ತೆ.

ನಮ್ಮ ಬಾತ್‌ರೂಮಿನಲ್ಲಿ ಐದು ಆಂಗಲ್ ಕಾಕ್ ಇವೆ. ಗೋಡೆಯಿಂದ ಬಂದ ನೀರನ್ನು ತೊಂಬತ್ತು ಡಿಗ್ರಿ ತಿರುಗಿಸಿ ಕನೆಕ್ಷನ್ ಪೈಪಿಗೆ ಕೊಡೋ ಪುಟ್ಟ ವಾಲ್ವ್, ಅದೇ ಆಂಗಲ್ ಕಾಕ್. ವಾಷ್ ಬೇಸಿನ್ನಿಗೆ ಒಂದು, ಫ್ಲಶ್ ಟ್ಯಾಂಕಿಗೆ ಒಂದು, ಪಕ್ಕದ ಜೆಟ್ ಸ್ಪ್ರೇಗೆ ಒಂದು, ಗೀಸರಿಗೆ ಎರಡು. ಮೇಲಿನ ಸಾಮಾನು ಕೆಟ್ಟರೆ ಇಡೀ ಮನೆಯ ನೀರು ನಿಲ್ಲಿಸದೆ ಅಲ್ಲೇ ಬಂದ್ ಮಾಡ್ಕೊಳ್ಳಲಿ ಅಂತ ಅದನ್ನ ಹಾಕಿರ್ತಾರೆ. ಅಂದ್ರೆ ಅದರ ಒಂದೇ ಒಂದು ಕೆಲಸ ನಿಲ್ಲಿಸೋದು. ನಮ್ಮ ಐದರಲ್ಲಿ ಎರಡು ತಿರುಗ್ತಾನೇ ಇರಲಿಲ್ಲ. ಎರಡು ತಿರುಗ್ತಿದ್ವು, ನಿಲ್ಲಿಸ್ತಿರಲಿಲ್ಲ. ಒಂದು ತಿರುಗಿ, ನಿಲ್ಲಿಸಿ, ಆಮೇಲೆ ಸೋರ್ತಿತ್ತು.

ಸೋರ್ತಿದ್ದುದು ಜೆಟ್ ಸ್ಪ್ರೇಯದು. ಸಂಕ್ರಾಂತಿ ರಜೆ ಮುಗಿಸಿ ಬಂದಾಗ ಗಮನಿಸಿದ್ವಿ. ಮಾಗಡಿಗೆ ಏನು ಕಂಡ್ರೂ ಅಳೀಬೇಕು. ಒಂದು ಲೀಟರಿನ ಖಾಲಿ ಬಾಟ್ಲಿ ಕೆಳಗಿಟ್ಟು ಮೊಬೈಲಲ್ಲಿ ಟೈಮರ್ ಹಾಕಿದ. 40 ನಿಮಿಷಕ್ಕೆ ತುಂಬ್ತು. ದಿನಕ್ಕೆ 1440 ನಿಮಿಷ, ಹಾಗಾದ್ರೆ 36 ಲೀಟರು. ತಿಂಗಳಿಗೆ 1080. ತಾರಸಿ ಮೇಲಿನ ಟ್ಯಾಂಕು ತಿಂಗಳಿಗೆ ಒಂದು ಸಲ ಪೂರ್ತಿ ತುಂಬಿ ಯಾರೂ ಮುಟ್ಟದೆ ಚರಂಡಿಗೆ ಹೋದ ಹಾಗೆ. ಅದಕ್ಕೆ ಕನಕಪುರ ಒಂದು ಮಾತು ಸೇರಿಸಿದ: "ಮಗಾ, ನೀನು ಅಳೆದಿದ್ದು ಹೊರಗೆ ಬೀಳೋ ನೀರು. ಮರೆ ಹತ್ರ ಗೋಡೆಯೊಳಗೆ ಇಳೀತಿರೋದನ್ನ ಯಾವ ಬಾಟ್ಲಿ ಇಟ್ಟು ಅಳೀತೀಯ?"

ಗೋಡೆಯೊಳಗೆ ಇಳಿದಿದ್ದು ಎಲ್ಲಿಗೆ ಹೋಗ್ತಿತ್ತು ಅಂತ ಆ ವಾರಾನೇ ಗೊತ್ತಾಯ್ತು. ಕೆಳಗೆ ಅಜ್ಜಿ ಮಲಗೋ ಕೋಣೆಯ ಗೋಡೆ, ಸರಿಯಾಗಿ ನಮ್ಮ ಬಾತ್‌ರೂಮಿನ ಕೆಳಗಿನದು, ಮೇಲಿಂದ ಒಂದು ಮಾರುದ್ದ ತೇವ ಹಿಡಿದಿತ್ತು. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರ್ತಿತ್ತು. ಅಜ್ಜಿ ನಮ್ಮನ್ನ ಕರೆದಿದ್ದು ಅದಕ್ಕಲ್ಲ. "ಏನ್ರಪ್ಪಾ, ಸ್ವಿಚ್ ಹಾಕೋಕೆ ಹೋದ್ರೆ ಕೈ ಜುಮ್ ಅಂತದೆ, ವಯಸ್ಸಾಯ್ತು ಅಂತ ಸುಮ್ಗಿದ್ದೆ, ನಿನ್ನೆ ರಾತ್ರಿ ಜೋರಾಗಿ ಹೊಡೀತು" ಅಂದ್ರು. ಸ್ವಿಚ್ ಬೋರ್ಡು ಇದ್ದದ್ದು ಅದೇ ಗೋಡೆಯಲ್ಲಿ. ನಮ್ಮ ಇ.ಸಿ. ರಾಮನಗರ ಟೆಸ್ಟರ್ ತಂದು ಬೋರ್ಡಿನ ಸ್ಕ್ರೂಗೆ ಇಟ್ಟ. ಉರೀತು. ಮಾತಾಡದೆ ಹೋಗಿ ಆ ಕೋಣೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡ. ಅವತ್ತಿಂದ ಅಜ್ಜಿ ಹಾಲ್‌ನಲ್ಲಿ ಚಾಪೆ ಹಾಕ್ಕೊಂಡು ಮಲಗೋಕೆ ಶುರು ಮಾಡಿದ್ರು.

ಅಜ್ಜಿಯ ಮಗ ಬೆಂಗಳೂರಲ್ಲಿದ್ದಾರೆ. ಒಳ್ಳೆಯವರು. ಪ್ರತಿ ಸಲ ಬಂದಾಗಲೂ ಒಂದೇ ಮಾತು: "ಅಮ್ಮಾ, ಮನೆ ಹಳೇದಾಯ್ತು, ಮಾರಿಬಿಟ್ಟು ನಮ್ಮ ಜೊತೆ ಬಾ." ಅಜ್ಜಿ ಪ್ರತಿ ಸಲವೂ ಏನೋ ಒಂದು ಹೇಳಿ ತಳ್ಳಿಬಿಡ್ತಿದ್ರು. ಯುಗಾದಿಗೆ ಮಗ ಬರೋರಿದ್ರು. ಶಾಕ್ ಹೊಡೆಯೋ ಗೋಡೆಯನ್ನು ಅವರು ನೋಡಿದ್ರೆ ಅಜ್ಜಿ ಹತ್ರ ಉತ್ತರ ಇರ್ತಿರಲಿಲ್ಲ. ಅಜ್ಜಿ ನಮಗೆ ಅಂದಿದ್ದು ಇಷ್ಟೇ: "ಅವನು ಬರೋದ್ರೊಳಗೆ ಒಣಗಿಸ್ಕೊಡ್ರಪ್ಪಾ."

ಪ್ಲಂಬರ್ ಹುಡುಕೋದು ಸುಲಭ ಇರಲಿಲ್ಲ. ಬಿಡದಿಯಿಂದ ಚನ್ನಪಟ್ಟಣದವರೆಗೂ ಲೇಔಟು, ಅಪಾರ್ಟ್‌ಮೆಂಟು. ಹೊಸ ಕೆಲಸ ಬಿಟ್ಟು ಐದು ಕಾಕ್ ಬದಲಾಯಿಸೋಕೆ ಯಾರು ಬರ್ತಾರೆ? ಕೊನೆಗೆ ಅಜ್ಜಿಗೆ ಹಳೇ ಪರಿಚಯದ ಒಬ್ಬರು ಒಪ್ಪಿಕೊಂಡ್ರು. ಮನೆ ಕಟ್ಟುವಾಗ ಇದೇ ಪೈಪು ಹಾಕಿದ ಮೇಸ್ತ್ರಿ ಕೈಕೆಳಗೆ ಆಗ ಹುಡುಗನಾಗಿ ಕೆಲಸ ಮಾಡಿದ್ದವರಂತೆ. "ಭಾನುವಾರ ಬರ್ತೀನಿ. ಶನಿವಾರ ರಾತ್ರಿಗೆ ಟ್ಯಾಂಕ್ ಖಾಲಿ ಇರಲಿ" ಅಂದ್ರು. ಟ್ಯಾಂಕ್ ಯಾಕೆ ಖಾಲಿ ಮಾಡ್ಬೇಕು, ಮೇಲೆ ಮೇನ್ ವಾಲ್ವ್ ಇದೆಯಲ್ಲ ಅಂದ್ವಿ. ಅವರು ನಕ್ಕರು. "ಇದೆ. ತಿರುಗುತ್ತೆ. ಆದ್ರೆ ನಿಲ್ಲಲ್ಲ."

ಆ ಮಾತಿನ ಅರ್ಥ ಭಾನುವಾರದವರೆಗೂ ಕಾಯಲಿಲ್ಲ. ಶುಕ್ರವಾರ ರಾತ್ರಿ ಹತ್ತೂವರೆ. ನಾಳೆಗೆ ಇಂಟರ್ನಲ್ಸ್ ಇಲ್ಲ, ಎಲ್ಲರೂ ಆರಾಮಾಗಿದ್ದೀವಿ. ಬಾತ್‌ರೂಮಿನಿಂದ ಪಟ್ ಅಂತ ಸದ್ದು, ಆಮೇಲೆ ಮಳೆ ಸದ್ದು. ಹೋಗಿ ನೋಡಿದ್ರೆ ಜೆಟ್ ಸ್ಪ್ರೇಯ ಕಾಕ್ ಗೋಡೆಯ ಬುಡದಲ್ಲಿ ಮುರಿದು ನೆಲದಲ್ಲಿ ಬಿದ್ದಿದೆ. ಯಾರೂ ಮುಟ್ಟಿರಲಿಲ್ಲ. ಗೋಡೆಯ ತೂತಿನಿಂದ ನೀರು ನೇರ ಎದುರು ಗೋಡೆಗೆ ಹೊಡೀತಿದೆ. ಕನಕಪುರ ಓಡಿಹೋಗಿ ಹೆಬ್ಬೆರಳು ಒತ್ತಿ ಹಿಡಿದ. ಮಾಗಡಿ ತಾರಸಿಗೆ ಹತ್ತಿ ಮೇನ್ ಗೇಟ್ ವಾಲ್ವ್ ತಿರುಗಿಸಿದ. ತಿರುಗ್ತು. ಇನ್ನೂ ತಿರುಗ್ತು. ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾನೇ ಇತ್ತು, ನೀರು ಮಾತ್ರ ಕಡಿಮೆ ಆಗಲಿಲ್ಲ.

ಆಗ ನಮ್ಮ ಪರಿಸ್ಥಿತಿ ಏನು ಅಂದ್ರೆ, ಅವತ್ತು ಬೆಳಿಗ್ಗೆನೇ ನಲ್ಲಿ ನೀರು ಬಂದು ಟ್ಯಾಂಕಲ್ಲಿ ಏನಿಲ್ಲ ಅಂದ್ರೂ 800 ಲೀಟರು ಇತ್ತು. ಬಿಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಹೋಗ್ತಿತ್ತು. ಬಾತ್‌ರೂಮಿನ ಜಾಲಿ ಅಷ್ಟು ವೇಗಕ್ಕೆ ನೀರು ಎಳೆಯಲ್ಲ. ಹೊಸ್ತಿಲು ದಾಟಿ ನಮ್ಮ ರೂಮಿಗೆ ಬರ್ತಿತ್ತು, ಗೋಡೆ ಹಿಡಿದು ಅಜ್ಜಿ ಕೋಣೆಗೂ ಇಳೀತಿತ್ತು. ಕನಕಪುರ ಬೆರಳು ಹಿಡ್ಕೊಂಡೇ ಕೂಗ್ತಿದ್ದ: "ಎಷ್ಟೊತ್ತು ಹಿಡೀಲಿ ಹೇಳ್ರಲಾ!"

ಬೆರಳು ಹಿಡಿಯಿತು ಅನ್ನೋದೇ ಇಲ್ಲಿ ಗಮನಿಸಬೇಕಾದ ವಿಷಯ. ಲೆಕ್ಕ ನೋಡಿ. ಟ್ಯಾಂಕಿನ ನೀರಿನ ಮಟ್ಟ ಈ ತೂತಿಗಿಂತ ಹೆಚ್ಚುಕಡಿಮೆ 6 ಮೀಟರ್ ಮೇಲೆ. ಟ್ಯಾಂಕು ತಾರಸಿಯ ಮೆಟ್ಟಿಲು ಕೋಣೆಯ ನೆತ್ತಿ ಮೇಲಿದೆ. 10 ಮೀಟರಿಗೆ ಸುಮಾರು 1 ಬಾರ್ ಅಂದ್ರೆ 6 ಮೀಟರಿಗೆ 0.6 ಬಾರ್, ಚದರ ಸೆಂಟಿಮೀಟರಿಗೆ 0.6 ಕೆ.ಜಿ. ಅರ್ಧ ಇಂಚಿನ ಪೈಪಿನ ಒಳ ವ್ಯಾಸ 15 ಮಿ.ಮೀ. ಅಂತ ಹಿಡಿದ್ರೆ ತೂತಿನ ವಿಸ್ತೀರ್ಣ 1.77 ಚದರ ಸೆಂಟಿಮೀಟರ್. ಗುಣಿಸಿದ್ರೆ ಒಟ್ಟು ಒತ್ತುವ ಬಲ ಸುಮಾರು 1 ಕೆ.ಜಿ. ಒಂದು ಪ್ಯಾಕೆಟ್ ಸಕ್ಕರೆಯ ಭಾರ. ಅಷ್ಟೆಲ್ಲ ಆರ್ಭಟ ಮಾಡೋ ನೀರನ್ನು ತಡೆಯೋಕೆ ಬೇಕಾಗಿದ್ದು ಒಂದು ಕೆ.ಜಿ. ಬಲ, ತೂತಿಗೆ ಸರಿಯಾಗಿ ಕೂರೋ ಒಂದು ಬಿರಡೆ. ಬೇರೇನೂ ಬೇಡ.

ಈ ಲೆಕ್ಕ ನಾವು ಆಮೇಲೆ ಹಾಕಿದ್ದು. ಆ ಹೊತ್ತಲ್ಲಿ ಚನ್ನಪಟ್ಟಣ ಯಾವ ಲೆಕ್ಕವನ್ನೂ ಹಾಕಲಿಲ್ಲ. ರೂಮಿಗೆ ಓಡಿ ಕಿಟಕಿ ಮೇಲಿದ್ದ ಬುಗುರಿ ತಗೊಂಡು ಬಂದ. ಅವರ ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಬೊಂಬೆ ಲೇತ್ ಮೇಲೆ ಕೂರೋರು. ಆಲೆ ಮರದ ಬುಗುರಿ, ಅರಗಿನ ಬಣ್ಣ, ಮೊಳೆ ಇಲ್ಲದ್ದು, ಮಕ್ಕಳು ಬೆರಳಲ್ಲಿ ತಿರುಗಿಸೋ ಅಂಥದ್ದು. ಕರ್ಚೀಫಿನ ಒಂದು ತುಂಡು ಹರಿದು ಬುಗುರಿಯ ಮೂತಿಗೆ ಸುತ್ತಿದ. "ಬೆರಳು ತೆಗಿ" ಅಂದ. ತೂತಿಗೆ ಇಟ್ಟು, ತಿರುಚುತ್ತಾ ಒತ್ತಿ, ಚಪ್ಪಲಿಯಲ್ಲಿ ಎರಡು ಏಟು ಹಾಕಿದ. ಮಳೆ ನಿಂತುಹೋಯ್ತು. ಬಾತ್‌ರೂಮಲ್ಲಿ ನಾಲ್ಕು ಜನ ನೆನೆದ ಕೋಳಿಗಳ ಹಾಗೆ ನಿಂತಿದ್ವಿ, ಗೋಡೆಯಲ್ಲಿ ಕೆಂಪು ಹಳದಿ ಪಟ್ಟೆಯ ಬುಗುರಿ.

"ಹೇಗೋ ಹೊಳೀತು?" ಅಂತ ಕೇಳಿದ್ವಿ. ಅವನಿಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. "ಮೂತಿ ಓರೆ ಇರೋದು ಯಾವ ತೂತಿಗಾದ್ರೂ ಎಲ್ಲೋ ಒಂದು ಕಡೆ ಕೂರ್ಲೇಬೇಕಲ್ಲ. ಹಸಿ ಆದ್ರೆ ಮರ ಇನ್ನೂ ಉಬ್ಬಿಕೊಂಡು ಗಟ್ಟಿ ಹಿಡೀತದೆ" ಅಂದ. ಟೇಪರ್ ಫಿಟ್ ಅಂತ ನಾವು ಮಷಿನ್ ಡ್ರಾಯಿಂಗಲ್ಲಿ ಗೆರೆ ಎಳೆದಿದ್ದೀವಿ. ಅವನ ಕೈಗೆ ಅದು ಮನೆಯಿಂದಲೇ ಬಂದಿತ್ತು.

ಶನಿವಾರ ಟ್ಯಾಂಕ್ ಖಾಲಿ ಮಾಡೋ ಕೆಲಸ ಕನಕಪುರದ್ದು. 800 ಲೀಟರ್ ಚರಂಡಿಗೆ ಬಿಡೋಕೆ ಯಾರಿಗೂ ಮನಸ್ಸಿರಲಿಲ್ಲ. ತೋಟಕ್ಕೆ ನೀರು ಹಾಯಿಸೋ ಉದ್ದ ಪೈಪನ್ನು ನೀರು ತುಂಬಿಸಿ ಎರಡೂ ತುದಿ ಮುಚ್ಚಿ, ಒಂದು ತುದಿ ಟ್ಯಾಂಕಿನ ತಳದಲ್ಲಿ, ಇನ್ನೊಂದು ಅಂಗಳದ ಸಂಪಿನಲ್ಲಿ ಬಿಟ್ಟ. ಸೈಫನ್. ಮೋಟ್ರು ಇಲ್ಲ, ಕರೆಂಟಿಲ್ಲ, ಮೇಲೆ ಹತ್ತಿದ್ದ ನೀರು ತಾನಾಗೇ ಕೆಳಗಿಳಿದು ಸಂಪು ಸೇರ್ತು. ಅಜ್ಜಿ ಕಟ್ಟೆ ಮೇಲೆ ಕೂತು ನೋಡ್ತಿದ್ರು. "ಓದಿದ್ದು ವ್ಯರ್ಥ ಆಗ್ಲಿಲ್ಲ ಬಿಡಿ" ಅಂದ್ರು. ಈ ಸೆಮಿಸ್ಟರಿನಲ್ಲಿ ನಮಗೆ ಸಿಕ್ಕ ಅತ್ಯುತ್ತಮ ಗ್ರೇಡ್ ಅದೇ.

ಭಾನುವಾರ ಪ್ಲಂಬರಣ್ಣ ಬಂದು ಮೊದಲು ಬುಗುರಿ ನೋಡಿದ್ರು. ನಗ್ತಾರೆ ಅಂದ್ಕೊಂಡಿದ್ವಿ. ನಗಲಿಲ್ಲ. "ನಮ್ಮ ಮೇಸ್ತ್ರಿನೂ ಮರದ ಬೆಣೇನೇ ಹೊಡೀತಿದ್ದುದು" ಅಂದ್ರು. ಆಮೇಲೆ ಮುರಿದುಬಿದ್ದ ಕಾಕ್ ಕೈಗೆತ್ತಿಕೊಂಡು ಮುರಿದ ಜಾಗ ತೋರಿಸಿದ್ರು. ಹಿತ್ತಾಳೆಯ ಹಳದಿ ಇರಬೇಕಾದ ಕಡೆ ತಾಮ್ರದ ಹಾಗೆ ಕೆಂಪಗೆ, ಬಿಸ್ಕತ್ತಿನ ಹಾಗೆ ಪುಡಿಪುಡಿ. "ನೋಡಿ, ಇದು ಹೊರಗೆ ಪಾಲಿಶು, ಒಳಗೆ ಸತ್ತೋಗಿದೆ."

ಒಳಗೆ ಯಾಕೆ ಸಾಯುತ್ತೆ? ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಕೆಲವು ನೀರಿಗೆ ಸಿಕ್ಕಿದ ಕಳಪೆ ಹಿತ್ತಾಳೆಯಿಂದ ವರ್ಷಾನುಗಟ್ಟಲೆ ಸತು ಮಾತ್ರ ಕರಗಿಹೋಗುತ್ತೆ, ಉಳಿಯೋದು ಜೇನುಗೂಡಿನ ಹಾಗೆ ತೂತುತೂತಾದ ತಾಮ್ರ. ಆಕಾರ ಹಾಗೇ ಇರುತ್ತೆ, ಬಲ ಇರಲ್ಲ. ಇದಕ್ಕೆ ಡಿಜಿಂಕಿಫಿಕೇಶನ್ ಅಂತಾರೆ, ಫಸ್ಟ್ ಇಯರ್ ಕೆಮಿಸ್ಟ್ರಿಯ ತುಕ್ಕಿನ ಪಾಠದಲ್ಲಿ ಎರಡು ಮಾರ್ಕಿಗೆ ಬರುತ್ತೆ. ಉಳಿದ ನಾಲ್ಕನ್ನೂ ಬಿಚ್ಚಿ ನೋಡಿದಾಗ ಒಂದೊಂದರ ಸಾವೂ ಬೇರೆ ಬೇರೆ. ಗೀಸರಿನ ಎರಡು ಕಾಕ್ ತಿರುಗದೇ ಇದ್ದದ್ದಕ್ಕೆ ಕಾರಣ ಸುಣ್ಣ. ಗಡುಸು ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿ ತಗುಲಿದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿ ಕೂರುತ್ತೆ, ಅದಕ್ಕೇ ಬಿಸಿನೀರು ಬರೋ ಕಡೆ ಕಲ್ಲು ಜಾಸ್ತಿ ಕಟ್ಟಿತ್ತು. ಬೇಸಿನ್ನಿನ ಕಾಕ್‌ನಲ್ಲಿ ರಬ್ಬರ್ ವಾಷರು ಒಣಗಿ ಕಡ್ಲೆಬೀಜದ ಹಾಗೆ ಸೀಳಿತ್ತು. ಫ್ಲಶ್ ಟ್ಯಾಂಕಿನದರಲ್ಲಿ ವಾಷರು ಚೆನ್ನಾಗಿತ್ತು, ಅದು ಕೂರೋ ಹಿತ್ತಾಳೆಯ ಸೀಟೇ ಸವೆದು ಗೀರು ಬಿದ್ದಿತ್ತು. ಪೂರ್ತಿ ತೆರೆಯದೆ ಪೂರ್ತಿ ಮುಚ್ಚದೆ ನಡುವೆ ಬಿಟ್ಟರೆ ಸಂದಿಯಲ್ಲಿ ನೀರು ಜೋರಾಗಿ ನುಗ್ಗಿ ಲೋಹವನ್ನೇ ಕೊರೆಯುತ್ತೆ.

ಮೇಲಿನ ಗೇಟ್ ವಾಲ್ವ್ ಕಥೆ ಇನ್ನೊಂದು. ಅದರೊಳಗೆ ಒಂದು ತಟ್ಟೆ ಮೇಲೆ ಕೆಳಗೆ ಇಳಿದು ನೀರು ತಡೆಯುತ್ತೆ. ವರ್ಷಾನುಗಟ್ಟಲೆ ಯಾರೂ ಮುಟ್ಟದೆ ಆ ತಟ್ಟೆ ಸುಣ್ಣದಲ್ಲಿ ಹೂತುಹೋಗಿತ್ತು, ಯಾವಾಗಲೋ ಯಾರೋ ತಿರುಗಿಸಿದಾಗ ಸ್ಪಿಂಡಲ್ಲು ತಟ್ಟೆಯಿಂದ ಕಿತ್ತುಬಂದಿತ್ತು. ಅದಾದ ಮೇಲೆ ಚಕ್ರ ತಿರುಗಿದ್ರೆ ಸ್ಪಿಂಡಲ್ಲು ತಿರುಗುತ್ತೆ, ತಟ್ಟೆ ಮಾತ್ರ ಅಲ್ಲೇ. ಹೊರಗಿಂದ ನೋಡಿದೋರಿಗೆ ಕೆಲಸ ನಡೀತಿದೆ. "ಕೆಲಸ ಮಾಡಿ ಸವೆದ ವಾಲ್ವಿಗಿಂತ ಸುಮ್ನೆ ಕೂತು ಕೆಟ್ಟ ವಾಲ್ವೇ ಜಾಸ್ತಿ" ಅಂದ್ರು ಪ್ಲಂಬರಣ್ಣ. "ತಿಂಗಳಿಗೊಂದ್ಸಲ ಪೂರ್ತಿ ಮುಚ್ಚಿ ಪೂರ್ತಿ ತೆಗೀರಿ. ಅಷ್ಟೇ ಪೂಜೆ."

ಸಾಮಾನು ತರೋಕೆ ಅಂಗಡಿಗೆ ಅವರ ಜೊತೆ ಇಬ್ಬರು ಹೋದ್ವಿ. ಗಾಜಿನ ಕಪಾಟಲ್ಲಿ ಎಲ್ಲವೂ ಒಂದೇ ಥರ ಮಿಂಚ್ತಿದ್ವು. ಅವರು ಡಬ್ಬಿ ಓದಲಿಲ್ಲ, ಅಂಗೈಯಲ್ಲಿಟ್ಟು ತೂಗಿದ್ರು. ಅಗ್ಗದ್ದು ಹಗುರ, ಸತುವಿನ ಮಿಶ್ರಲೋಹಕ್ಕೆ ಮೇಲೆ ಕ್ರೋಮಿಯಂ ಲೇಪ. ಹಿತ್ತಾಳೆಯದ್ದು ಕೈಯನ್ನು ಕೆಳಗೆ ಎಳೆಯುತ್ತೆ. ಆಮೇಲೆ ಮರೆಯನ್ನು ಉಗುರಲ್ಲಿ ಮುಟ್ಟಿ ನೋಡಿದ್ರು, ಒಳಗೆ ಇಣುಕಿ ಗೋಡೆ ಎಷ್ಟು ದಪ್ಪ ಇದೆ ನೋಡಿದ್ರು. ಕೊನೆಗೆ ಕಾಲು ಸುತ್ತಿಗೇ ಮುಚ್ಚೋ, ಒಳಗೆ ಸೆರಾಮಿಕ್ ಬಿಲ್ಲೆ ಇರೋ ಹಿತ್ತಾಳೆ ಕಾಕ್ ಐದು. ರಬ್ಬರ್ ವಾಷರಿನ ಹಾಗೆ ಒಣಗಿ ಸೀಳಲ್ಲ, ಆದ್ರೆ ಮರಳು ಕಣ ಸಿಕ್ಕರೆ ಬಿಲ್ಲೆ ಗೀರು ಬೀಳುತ್ತೆ, ಅದಕ್ಕೆ ಹಾಕೋ ಮುಂಚೆ ಪೈಪನ್ನ ಒಂದು ಸಲ ಬರಿದೇ ನೀರು ಹರಿಸಿ ತೊಳೀಬೇಕು. ತಾರಸಿಗೆ ಗೇಟ್ ವಾಲ್ವ್ ಬದಲು ಹಿತ್ತಾಳೆಯ ಬಾಲ್ ವಾಲ್ವ್. ಇನ್ನೊಂದು ಬಾಲ್ ವಾಲ್ವ್ ನಮ್ಮ ಬಾತ್‌ರೂಮಿನ ಲೈನಿಗೆ ಮಾತ್ರ. ಮುಂದೆ ಇಲ್ಲಿ ಏನಾದ್ರೂ ಆದ್ರೆ ಅಜ್ಜಿಯ ನೀರು ನಿಲ್ಲಿಸಬೇಕಾಗಿಲ್ಲ.

ಕಷ್ಟದ ಕೆಲಸ ಗೋಡೆಯೊಳಗೆ ಉಳಿದಿದ್ದ ಮುರಿದ ಮರೆ. ಹಿಡಿಯೋಕೆ ಏನೂ ಇಲ್ಲ, ಎಲ್ಬೋ ಒಳಗೆ ಉಂಗುರದ ಹಾಗೆ ಕೂತಿದೆ. ಎಲ್ಬೋ ಮರೆ ಹಾಳಾದ್ರೆ ಟೈಲ್ಸು ಒಡೀಬೇಕು, ಗೋಡೆ ಕೊರೀಬೇಕು. ಪ್ಲಂಬರಣ್ಣ ಆಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡ್ಕೊಂಡು, ಒಳಗಿಂದ ಉಂಗುರಕ್ಕೆ ಎರಡು ಕಡೆ ಗೀರು ಹಾಕೋಕೆ ಕೂತ್ರು. ಇಪ್ಪತ್ತು ನಿಮಿಷ ಮಾತಿಲ್ಲ. ಎಳೆಯೋದು, ನಿಲ್ಲಿಸಿ ಬೆರಳಲ್ಲಿ ತಡವಿ ನೋಡೋದು, ಮತ್ತೆ ಎಳೆಯೋದು. ಹಿತ್ತಾಳೆ ಮುಗಿದು ಕಬ್ಬಿಣ ಸಿಗೋ ಜಾಗಕ್ಕೆ ಒಂದು ಕೂದಲೆಳೆ ಮುಂಚೆ ನಿಲ್ಲಿಸಬೇಕು. ಅದು ಅವರಿಗೆ ಬ್ಲೇಡಿನ ಸದ್ದಿನಲ್ಲೇ ಗೊತ್ತಾಗ್ತಿತ್ತು. ಆಮೇಲೆ ಸಣ್ಣ ಉಳಿ ಇಟ್ಟು ಒಂದೇ ಏಟು, ಉಂಗುರ ಒಳಕ್ಕೆ ಮಡಚಿ ಕಳಚಿಕೊಂಡು ಬಂತು. ಎಲ್ಬೋ ಮರೆಗೆ ಒಂದು ಗೀರೂ ಇಲ್ಲ. ಚನ್ನಪಟ್ಟಣ ಮೆಲ್ಲಗೆ "ನಮ್ಮಪ್ಪನೂ ಉಳಿ ಹಿಡಿದಾಗ ಹಿಂಗೇ ಮಾತಾಡಲ್ಲ" ಅಂದ.

ಮೊದಲ ಕಾಕ್ ಅವರು ಹಾಕಿ ತೋರಿಸಿದ್ರು. ಉಳಿದ ನಾಲ್ಕನ್ನ ನಮ್ಮ ಕೈಗೆ ಕೊಟ್ಟು, ಬಾಗಿಲಲ್ಲಿ ಕೂತು ನೋಡ್ತಿದ್ರು. ಅವರಿಂದ ಕಲಿತದ್ದನ್ನು ನಿಮಗೂ ಹೇಳಿಬಿಡ್ತೀವಿ, ಯಾವ ಲ್ಯಾಬ್ ಮ್ಯಾನುಯಲ್ಲಲ್ಲೂ ನಮಗೆ ಇದು ಸಿಕ್ಕಿಲ್ಲ. ಗೀಸರಿನ ಹತ್ರ ಕೈ ಹಾಕೋ ಮುಂಚೆ ಅದರ ಎಂ.ಸಿ.ಬಿ. ಕೆಳಗಿರಬೇಕು, ಒಳಗಿನ ನೀರು ಆರಿರಬೇಕು. ಟೆಫ್ಲಾನ್ ಟೇಪನ್ನು ಮರೆಯ ತುದಿ ನಿಮ್ಮ ಕಡೆ ಹಿಡಿದು ಗಡಿಯಾರ ತಿರುಗೋ ದಿಕ್ಕಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದ್ರೆ ಬಿಗಿ ಮಾಡುವಾಗ ಟೇಪು ಬಿಚ್ಚಿಕೊಳ್ಳುತ್ತೆ. ಮರೆ ಸಡಿಲ ಇದ್ರೆ ಹತ್ತು ಹನ್ನೆರಡು ಸುತ್ತು ಬೇಕು, ಎಳೆದು ಬಿಗಿಯಾಗಿ. ಕಾಕ್ ಬಾಯಿ ಸರಿಯಾದ ದಿಕ್ಕಿಗೆ ಬರಬೇಕು ಅಂತ ಬಿಗಿ ಮಾಡಿದ ಮೇಲೆ ಹಿಂದಕ್ಕೆ ತಿರುಗಿಸಬಾರದು, ಹಿಂದಕ್ಕೆ ತಿರುಗಿದ ಮರೆ ಸೋರುತ್ತೆ. ಬಿಚ್ಚಿ ಇನ್ನೆರಡು ಸುತ್ತು ಟೇಪ್ ಹಾಕಿ ಮತ್ತೆ ಹಾಕಬೇಕು. ಕನೆಕ್ಷನ್ ಪೈಪಿನ ನಟ್ಟಿಗೆ ಟೇಪ್ ಬೇಡ, ಅಲ್ಲಿ ನೀರು ತಡೆಯೋದು ರಬ್ಬರ್ ವಾಷರು. ಕೈಯಲ್ಲಿ ಬಿಗಿ ಮಾಡಿ ಸ್ಪ್ಯಾನರಲ್ಲಿ ಸ್ವಲ್ಪ, ಸಾಕು. ಇನ್ನೂ ಬಿಗಿ ಮಾಡೋಣ ಅಂತ ಶಕ್ತಿ ತೋರಿಸಿದ್ರೆ ವಾಷರು ಹಿಂಡಿಹೋಗುತ್ತೆ, ಇಲ್ಲವೇ ನಟ್ಟು ಸೀಳುತ್ತೆ.

ಸಂಜೆ ಟ್ಯಾಂಕಿಗೆ ನೀರು ಏರಿಸಿದ್ವಿ. ಸೋರುತ್ತಾ ಇಲ್ವಾ ನೋಡೋಕೆ ಟಿಶ್ಯೂ ಪೇಪರ್ ಹುಡುಕ್ತಿದ್ದಾಗ ಅಜ್ಜಿ ಮೆಟ್ಟಿಲು ಹತ್ತಿ ಬಂದ್ರು, ಕೈಯಲ್ಲಿ ರಂಗೋಲಿ ಡಬ್ಬಿ. ಒಂದೊಂದು ಕಾಕ್ ಕೆಳಗೂ ಒಣ ನೆಲದ ಮೇಲೆ ಒಂದೊಂದು ಚಿಟಿಕೆ ರಂಗೋಲಿ ಪುಡಿ ಉದುರಿಸಿದ್ರು. "ಒಂದು ಹನಿ ಬಿದ್ರೂ ಗುಂಡಿ ಕಾಣ್ತದೆ. ಬೆಳಗಾಗಲಿ." ಅವತ್ತು ರಾತ್ರಿ ಯಾರೂ ಬಾತ್‌ರೂಮು ಬಳಸದೆ ಕೆಳಗಿನದಕ್ಕೇ ಹೋಗಿಬಂದ್ವಿ. ಬೆಳಿಗ್ಗೆ ಐದೂ ಕಡೆ ಪುಡಿ ಹಾಕಿದ ಹಾಗೇ ಇತ್ತು.

ಗೋಡೆ ಒಣಗೋಕೆ ಮಾತ್ರ ಆತುರ ಇರಲಿಲ್ಲ. ಇಟ್ಟಿಗೆ ಕುಡಿದ ನೀರು ನಿಧಾನಕ್ಕೆ ಬಿಟ್ಟುಕೊಡುತ್ತೆ. ಕನಕಪುರ ಹೇಳಿದ ಹಾಗೆ ಉಬ್ಬಿದ ಗಾರೆಯನ್ನು ಇಟ್ಟಿಗೆವರೆಗೂ ಕೆತ್ತಿ, ಬಾಗಿಲು ಕಿಟಕಿ ತೆರೆದಿಟ್ಟು, ಇನ್ನೊಂದು ಕೋಣೆಯಿಂದ ವೈರೆಳೆದು ಟೇಬಲ್ ಫ್ಯಾನ್ ತಿರುಗಿಸಿದ್ವಿ. ಮಾಗಡಿ ಪೆನ್ಸಿಲಲ್ಲಿ ತೇವದ ಅಂಚಿಗೆ ಗೆರೆ ಎಳೆದು ತಾರೀಕು ಬರೆದ. ಪ್ರತಿ ಭಾನುವಾರ ಹೊಸ ಗೆರೆ. ಗೋಡೆ ಮೇಲೆ ಅದು ಕಾಂಟೂರ್ ಮ್ಯಾಪಿನ ಹಾಗೆ ಕಾಣ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಹಳೇ ಬೋರ್ಡು ಕಿತ್ತು, ಎದುರಿನ ಒಣ ಗೋಡೆಗೆ ಹೊಸದು ಹಾಕಿ, ಅರ್ತಿಂಗ್ ಸರಿ ಮಾಡಿ, ಸೋರಿಕೆ ಕರೆಂಟು ಕಂಡ್ರೆ ತಾನೇ ಬಿದ್ದುಹೋಗೋ ಆರ್.ಸಿ.ಸಿ.ಬಿ.ಯನ್ನೂ ಹಾಕಿಹೋದ್ರು. ಆಮೇಲೆ ರಾಮನಗರ ಜೇಬಿನಿಂದ ಆ ಫ್ಯೂಸ್ ತೆಗೆದು ವಾಪಸ್ ಕೊಟ್ಟ.

ಈ ವಾರಗಳಲ್ಲಿ ನಮ್ಮ ನಡುವೆ ನೀರಿನ ಮಾತೇ ಮಾತು. ನಮ್ಮ ಜಿಲ್ಲೆ ಒಂಥರಾ ಬೆಂಗಳೂರಿನ ಪೈಪು ಹಾದುಹೋಗೋ ಅಂಗಳ. ಮಾಗಡಿಯವನ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿ ಕುಮುದ್ವತಿ ಸೇರೋ ಕಡೆ, 1930ರ ದಶಕದಲ್ಲಿ ಕಟ್ಟಿದ ಜಲಾಶಯದ ನೀರು ಹೋಗಿದ್ದು ಬೆಂಗಳೂರಿಗೆ. ಈಗ ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಕನಕಪುರದ ಕಡೆಯಿಂದ, ಹಾರೋಹಳ್ಳಿಯ ಪಂಪ್ ಹೌಸ್ ಹತ್ತಿ, ತಾತಗುಣಿ ದಾಟಿ ಹೋಗೋದೂ ಬೆಂಗಳೂರಿಗೇ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರು ಒಯ್ಯೋ ಯೋಜನೆ. ಕನಕಪುರ ಚಿಕ್ಕವನಿದ್ದಾಗ ರಸ್ತೆ ಪಕ್ಕದ ಆ ದೊಡ್ಡ ಪೈಪಿಗೆ ಕಿವಿ ಇಟ್ಟು ನೀರಿನ ಸದ್ದು ಕೇಳ್ತಿದ್ದನಂತೆ. ಅಷ್ಟು ನೀರಿನ ಎದುರು ನಮ್ಮ ದಿನದ 36 ಲೀಟರು ಯಾವ ಲೆಕ್ಕ? ಆದ್ರೆ ಅಜ್ಜಿಯ ಗೋಡೆ ಕೆಡಿಸೋಕೆ ಅಷ್ಟು ಸಾಕಾಗಿತ್ತು.

ಸೆಪ್ಟೆಂಬರ್ 15ಕ್ಕೆ ನಾವೆಲ್ಲ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ. ಅವರಿಗೆ ಹೆಸರು ತಂದ ಕೆಲಸಗಳಲ್ಲಿ ಒಂದು, ನೀರು ಹೆಚ್ಚಾದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚೋ ಗೇಟು. ಅದನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿದ್ರು. ಅಣೆಕಟ್ಟಿನ ಗೇಟಾಗಲಿ, ಬಾತ್‌ರೂಮಿನ ಕಾಕಾಗಲಿ, ಪ್ರಶ್ನೆ ಒಂದೇ: ನಿಲ್ಲು ಅಂದಾಗ ನಿಲ್ಲುತ್ತಾ?

ಯುಗಾದಿಗೆ ಅಜ್ಜಿಯ ಮಗ ಬಂದ್ರು. ಕೋಣೆಗೆ ಹೊಸ ಗಾರೆ ಆಗಿತ್ತು, ಬಣ್ಣ ಇನ್ನೂ ಬಿದ್ದಿರಲಿಲ್ಲ. ಗೋಡೆ ಮೇಲೆ ಅಂಗೈ ಇಟ್ಟು ನೋಡಿದ್ರು. ಹೊಸ ಸ್ವಿಚ್ ಒತ್ತಿದ್ರು. ತಾರಸಿ ಹತ್ತಿ ಬಾಲ್ ವಾಲ್ವಿನ ಹಿಡಿ ಅಡ್ಡಕ್ಕೆ ತಿರುಗಿಸಿದ್ರು, ಕೆಳಗೆ ಅಜ್ಜಿ "ನಿಂತೋಯ್ತು!" ಅಂತ ಕೂಗಿದ್ರು. ಊಟಕ್ಕೆ ನಮ್ಮನ್ನೂ ಕರೆದಿದ್ರು. ಒಬ್ಬಟ್ಟು ಬಡಿಸ್ತಾ ಅಜ್ಜಿ ಮನೆ ಮಾರೋ ಮಾತು ಎತ್ತಲೇ ಇಲ್ಲ. ಮಗನೇ ಎತ್ತಿದ್ರು: "ಸರಿ, ಇನ್ನೊಂದು ವರ್ಷ ನೋಡೋಣ." ಒಂದು ವರ್ಷ ಅಂದ್ರೆ ನಮ್ಮ ಫೈನಲ್ ಇಯರ್ ಮುಗಿಯೋವರೆಗೆ. ಆಮೇಲೆ ಏನು ಅಂತ ನಮಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಒಂದು ಮನೆ ಉಳಿಯೋಕೆ ಐದು ಆಂಗಲ್ ಕಾಕ್ ಸಾಲಲ್ಲ ಅನ್ನೋದು ಗೊತ್ತಿದೆ. ಆದ್ರೆ ಆ ಮನೆ ಹೋಗೋದು ಒಂದು ಸೋರೋ ಕಾಕ್‌ನಿಂದ ಅಂತ ಆಗಬಾರದಿತ್ತು, ಅದಂತೂ ಆಗಲಿಲ್ಲ.

ಕೊನೆಗೆ ನಿಮಗೊಂದು ಕೆಲಸ. ಇವತ್ತು ರೂಮಿಗೋ ಮನೆಗೋ ಹೋದ ಮೇಲೆ ಮೇನ್ ವಾಲ್ವ್ ಎಲ್ಲಿದೆ ಅಂತ ಹುಡುಕಿ. ಹಾಸ್ಟೆಲ್ಲಾದ್ರೆ ವಾರ್ಡನ್ನರನ್ನೇ ಕೇಳಿ, ಅವರಿಗೂ ಒಂದು ನೆಪ ಸಿಗಲಿ. ಬೇಸಿನ್ ನಲ್ಲಿ ತೆರೆದಿಟ್ಟು, ಜೋರು ಮಾಡದೆ ಮೆಲ್ಲಗೆ ಪೂರ್ತಿ ಮುಚ್ಚಿ ನೋಡಿ. ತುಂಬಾ ಬಿಗಿ ಇದ್ರೆ ಒತ್ತಾಯ ಬೇಡ, ಪ್ಲಂಬರ್‌ಗೆ ಹೇಳಿ. ಸ್ವಲ್ಪ ಹೊತ್ತಲ್ಲಿ ನೀರು ನಿಂತರೆ ಮತ್ತೆ ತೆರೆದು, ತಿಂಗಳಿಗೊಮ್ಮೆ ಹೀಗೇ ಮಾಡಿ. ತಿರುಗಿ ತಿರುಗಿ ನಿಲ್ಲದೇ ಹೋದ್ರೆ ರಾತ್ರಿ ಹತ್ತೂವರೆ ಆಗೋವರೆಗೆ ಕಾಯಬೇಡಿ. ಬುಗುರಿ ಬೇಕಿದ್ರೆ ಚನ್ನಪಟ್ಟಣದವನನ್ನು ಕೇಳಿ, ಯುಗಾದಿಗೆ ಊರಿಗೆ ಹೋದವನು ಅರ್ಧ ಇಂಚಿನ ಅಳತೆಗೆ ಸರಿಯಾಗಿ ನಾಲ್ಕು ಬಿರಡೆ ಕಡೆಸ್ಕೊಂಡು ಬಂದಿದ್ದಾನೆ.